ಗುರ್ಜಿಯ ಮೇಲೆ ಸುರಿದ ಕೊಡ

ಮದರಾಸು ಸರ್ಕಾರದ ಕಾಲ. ಮಡಕಶಿರಾ ಕಡೆಯಿಂದ ರಾಯದುರ್ಗದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು ನನಗೆ ಮೂರು ತಿಂಗಳಾಗಿತ್ತು. ನಡೆದದ್ದನ್ನು ನಡೆದಷ್ಟೇ ಬರೆಯುತ್ತೇನೆ.

ಆ ಬೇಸಿಗೆಯಲ್ಲಿ ಊರ ಬಾವಿ ಬತ್ತಿತ್ತು. ನೀರಿಗೆ ಅರ್ಧ ಹರದಾರಿ ನಡೆಯಬೇಕು. ಮನೆಯಲ್ಲಿ ಉಳಿದದ್ದು ಒಂದೇ ಕೊಡ ನೀರು. ಮಧ್ಯಾಹ್ನ ಪಕ್ಕದ ಮನೆಯ ದೊಡ್ಡಮ್ಮ ಮಳೆಗಾಗಿ ಗುರ್ಜಿ ಹೊತ್ತು ಬಂದರು. ತಲೆಯ ಮೇಲೆ ರೊಟ್ಟಿ ಹಂಚು, ಹಂಚಿನ ಮೇಲೆ ಸಗಣಿಯ ಗೊಂಬೆ, ಗೊಂಬೆಗೆ ಗರಿಕೆಯ ಜುಟ್ಟು. ಮನೆಯವರು ನೀರು ಹಾಕಬೇಕು, ಹೊತ್ತವರು ಗಿರ್ರನೆ ತಿರುಗಬೇಕು.

“ನೀರು ಹಾಕವ್ವ,” ಎಂದರು ಅತ್ತೆ ಒಳಗಿನಿಂದ.

ಕೊಡ ಎತ್ತಿ ಪೂರ್ತಿ ಸುರಿದೆ. ಇಲ್ಲಿ ಒಂದು ಚೊಂಬು ಸಾಕಿತ್ತಂತೆ.

ಗೊಂಬೆ ಮೊದಲು ಬಾಗಿತು, ಆಮೇಲೆ ಕುಸಿಯಿತು, ಕೊನೆಗೆ ದೊಡ್ಡಮ್ಮನ ಹಣೆ, ಮೂಗು, ಗದ್ದ, ಇದೇ ಕ್ರಮದಲ್ಲಿ ಇಳಿಯಿತು. ಗರಿಕೆ ಮಾತ್ರ ಎಡಗಿವಿಯ ಮೇಲೆ ನಿಂತಿತು. ಅವರು ಇನ್ನೂ ತಿರುಗುತ್ತಲೇ ಇದ್ದರು. ಹಾಗಾಗಿ ಹಿಂದೆ ಬಂದಿದ್ದ ಹೆಂಗಸರಿಗೂ ಪಾಲು ಸಿಕ್ಕಿತು.

ಅತ್ತೆ ಹೊರಗೆ ಬಂದು ಕೊಡವನ್ನು ಬೋರಲು ಹಾಕಿ ನೋಡಿದರು. “ಯಾಕ ಸುರುವಿದಿ ಎಲ್ಲಾನೂ?”

“ನಮ್ಮೂರಲ್ಲಿ ಮಳೆರಾಯಂಗೆ ಹಾಕುವಾಗ ಹನಿನೂ ಉಳಿಸ್ಕೋಬಾರ್ದು ಅಂತಾರೆ ಅತ್ತೆ. ನಾವು ಉಳಿಸ್ಕೊಂಡ್ರೆ ಅವನೂ ಉಳಿಸ್ಕೊತಾನಂತೆ.”

“ಹೊತ್ತು ಮುಳುಗೋದ್ರಾಗ ಈ ಕೊಡ ತುಂಬಬೇಕು. ಇಲ್ಲಾಂದ್ರ ನಾಳೆ ನಿಮ್ಮಪ್ಪನ ಮನಿಗೆ ಗಾಡಿ ಕಟ್ಟಸ್ತೀನಿ.”

“ಕಟ್ಟಸ್ರಿ, ನಾನೂ ಹತ್ತತೀನಿ,” ಎಂದರು ದೊಡ್ಡಮ್ಮ, ಕಣ್ಣು ಬಿಡದೆಯೇ. “ಮಾರಿ ತೊಳಕೊಳ್ಳಾಕ ಅಲ್ಲಾದ್ರೂ ನೀರು ಸಿಗತೈತೇನೋ.”

ಕೊಡ ಹೊತ್ತು ಹೊರಟೆ. ಊರಂಚಿನ ಬೇವಿನ ಮರ ದಾಟಿರಲಿಲ್ಲ, ಮಣ್ಣಿನ ವಾಸನೆ ಬಂತು. ಮೊದಲ ಹನಿ ಕೊಡಕ್ಕೆ ಬಿದ್ದು ಟಣ್ ಎಂದಿತು. ಎರಡನೆಯದು ನನ್ನ ಮೂಗಿಗೆ. ಏಳರವರೆಗೆ ಎಣಿಸಿದೆ, ಮುಂದೆ ಎಣಿಸಲು ಆಗಲಿಲ್ಲ.

ಓಡಿ ಬಂದು ಮನೆಯ ಮಣ್ಣಿನ ಮಾಳಿಗೆಯಿಂದ ನೀರು ಬೀಳುವ ಕಡೆ ಕೊಡ ಇಟ್ಟೆ. ಬೀದಿಯವರು ಯಾರೂ ಮನೆಯೊಳಗೆ ಇರಲಿಲ್ಲ, ಎಲ್ಲರೂ ಹೊರಗೇ. ದೊಡ್ಡಮ್ಮ ಮುಖ ಮೇಲೆತ್ತಿ ಉಜ್ಜಿಕೊಳ್ಳುತ್ತಿದ್ದರು. ಅತ್ತೆ ಬಾಯಿ ತೆರೆದು ನಿಂತಿದ್ದರು, ಬೈಯುವುದಕ್ಕಲ್ಲ, ಕುಡಿಯುವುದಕ್ಕೆ.

“ಅತ್ತೆ, ಕೊಡ ತುಂಬ್ತು.”

ಅವರು ಬಗ್ಗಿ ನೋಡಿದರು. ಮಾಳಿಗೆಯ ಮಣ್ಣೆಲ್ಲ ಅದರಲ್ಲಿತ್ತು. “ಇದು ನೀರೋ, ಅಂಬ್ಲಿಯೋ?” ಎಂದು ಕೊಡ ಎತ್ತಿ ನನ್ನ ತಲೆಯ ಮೇಲೆ ಪೂರ್ತಿ ಸುರಿದರು. “ಹನೀನೂ ಉಳಿಸಬಾರದಲ್ಲ? ಹಿಡಿ, ಮತ್ತ ತುಂಬಾಕಿಡು. ನಾಳೀಗೂ ಇಡು, ನಾಡದ್ದಕ್ಕೂ ಇಡು.”

“ಹಂಗಾರ ಗಾಡಿ ಇಲ್ಲೇನ್ರಿ?” ಎಂದು ದೊಡ್ಡಮ್ಮ ಕೂಗಿದರು. “ನಾ ಮಾರಿ ತೊಳಕೊಂಡು ತಯಾರಾಗೀನಲ್ಲ!”