ವೀರಗಲ್ಲಿಗೆ ಬಳಿದ ಬಣ್ಣ

ಹುಬ್ಬಳ್ಳಿಯ ಉಣಕಲ್ ಕಡೆಯ ಮೈದಾನದಲ್ಲಿ ಬೆಳಿಗ್ಗೆ ನಾವು ಹಾಕಿಯವರು, ಸಂಜೆ ಕಬಡ್ಡಿಯವರು. ಹತ್ತು ಹನ್ನೆರಡು ವರ್ಷ ಹೀಗೇ ನಡೆದಿತ್ತು. ಯಾರ ಆಟ ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಿದ್ದಿಲ್ಲ.

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಅಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರ. ಹಾಕಿ ಸ್ಟಿಕ್ಕು ನನ್ನ ಕೈಗೆ ಬಂದದ್ದು ಅಲ್ಲಿಂದ. ಕಬಡ್ಡಿಯವರ ಹಿರಿಯ ನನ್ನದೇ ಕಾಲೇಜಿನ ದೈಹಿಕ ಶಿಕ್ಷಣದ ಮಾಸ್ತರು. ಇಪ್ಪತ್ತಾರು ವರ್ಷ ಒಂದೇ ಟೇಬಲ್ಲಿನಲ್ಲಿ ಡಬ್ಬಿ ಬಿಚ್ಚಿ ಊಟ ಮಾಡಿದವರು ನಾವು. ಅವರ ಮನೆಯ ಶೇಂಗಾ ಚಟ್ನಿಯ ಪಾಲು ನನಗೆ ತಪ್ಪುತ್ತಿರಲಿಲ್ಲ.

ಜಗಳ ಹುಟ್ಟಿದ್ದು ಮೈದಾನದ ಗೇಟಿನ ಪಕ್ಕದ ಗೋಡೆಯಿಂದ. ಅದಕ್ಕೆ ಸುಣ್ಣ ಹೊಡೆದು ಚಿತ್ರ ಬರೆಸೋಣ ಅಂತ ಎರಡೂ ಕಡೆಯವರು ಸಭೆ ಸೇರಿದ್ದೆವು. ಮಾಸ್ತರು ಎದ್ದು, ಕಬಡ್ಡಿಯ ಚಿತ್ರ ದೊಡ್ಡದಾಗಿ ಬರಲಿ, ಹಾಕಿಯದು ಬೇಕಾದರೆ ಮೂಲೆಯಲ್ಲಿರಲಿ ಅಂದರು. ಯಾಕೆ ಅಂತ ನಮ್ಮ ಕಾರ್ಯದರ್ಶಿ ಕೇಳಿದ. ಟೈಲ್ಸ್ ಅಂಗಡಿ ಇಟ್ಟ ಮನುಷ್ಯ, ದನಿ ದೊಡ್ಡದು. ಕಬಡ್ಡಿ ಈ ಮಣ್ಣಿನದು, ಹಾಕಿ ಬಿಳೀ ಸಿಪಾಯಿಗಳು ಬಿಟ್ಟು ಹೋದದ್ದು ಅಂತ ಮಾಸ್ತರು ಶಾಂತವಾಗಿಯೇ ಹೇಳಿದರು. ನಾನು ನಕ್ಕೆ. ಅವತ್ತು ಅದು ನಗುವಂಥ ಮಾತೇ ಆಗಿತ್ತು.

ಮರುದಿನದಿಂದ ಮೈದಾನದ ವಾಟ್ಸಾಪ್ ಗುಂಪು ಹೊಲಸಾಯಿತು. ಪುರಾಣಕಾಲದ ವೀರರು ವ್ಯೂಹದೊಳಗೆ ನುಗ್ಗಿದ್ದೇ ಕಬಡ್ಡಿ ಅಂತ ಒಬ್ಬ ಬರೆದ. ಹಾಗಾದರೆ ನಿಮ್ಮ ನಿಯಮಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿದವರು ಯಾರು ಅಂತ ನಮ್ಮವನೊಬ್ಬ ಕೇಳಿದ. ಬಿಳಿಯರ ಎಂಜಲು ನೆಕ್ಕುವವರು ಅಂತ ಅವರು, ಚಡ್ಡಿ ಹಿಡಿದು ಎಳೆದಾಡುವವರು ಅಂತ ನಮ್ಮವರು. ಬರೆಯುತ್ತಿದ್ದವರೆಲ್ಲ ಐವತ್ತು ದಾಟಿದವರು, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ಫೋನು ಹಿಡಿಯುವವರು.

ನಮ್ಮ ಗೋಲ್ ಕೀಪರನಿಗೆ ಗೋಕುಲ ರಸ್ತೆಯಲ್ಲಿ ಗ್ಯಾರೇಜಿದೆ, ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಮಾತ್ರ ಮುಚ್ಚಿರುತ್ತದೆ. ಎಲ್ಲರಿಗೂ ಅವರು ಕಾಕಾ. ಎರಡೂ ಕಡೆಯವರ ಸ್ಕೂಟರು ರಿಪೇರಿಯಾಗುವುದು ಅಲ್ಲೇ. ಕಾಕಾ ಒಂದೇ ಸಾಲು ಬರೆದರು: ಆಟ ಆಡ್ರಿ, ಸಾಕು. ಅದಕ್ಕೆ ಕಬಡ್ಡಿಯವನೊಬ್ಬ, ನೀವೂ ಹೊರಗಿನವರು, ನಿಮ್ಮ ಆಟಾನೂ ಹೊರಗಿಂದು, ನಿಮಗೇನು ತಿಳೀತೈತಿ ಅಂತ ಬರೆದ. ಗುಂಪಿನಲ್ಲಿ ಎಂಬತ್ತು ಜನರಿದ್ದೆವು. ಒಬ್ಬರೂ ಉಸಿರೆತ್ತಲಿಲ್ಲ. ಮಾಸ್ತರು ಏನಾದರೂ ಹೇಳುತ್ತಾರೆ ಅಂತ ನಾನು ಕಾದೆ. ನಾನು ಹೇಳುತ್ತೇನೆ ಅಂತ ಅವರು ಕಾದರೋ ಏನೋ. ಮೂರು ದಿನದ ಮೇಲೆ ನಾನು ಗ್ಯಾರೇಜಿಗೆ ಹೋದಾಗ ಕಾಕಾ ಅದೇ ಮನುಷ್ಯನ ಗಾಡಿಗೆ ಬ್ರೇಕ್ ವೈರು ಹಾಕುತ್ತಿದ್ದರು. ನಾನು ಆ ವಿಷಯ ಎತ್ತಲಿಲ್ಲ. ಅವರೂ ಎತ್ತಲಿಲ್ಲ.

ಆ ಹೊತ್ತಿಗೆ ನಮ್ಮ ಕಾರ್ಯದರ್ಶಿ ಒಂದು ಹಳೆಯ ಹಾಳೆಯ ಫೋಟೋ ಹಾಕಿದ. ನಮ್ಮ ತಂಡದ ಸ್ಮರಣ ಸಂಚಿಕೆಗೆ ಹಿಂದೆ ನಾನೇ ಬರೆದ ಲೇಖನ. ಒಂದು ವಾಕ್ಯಕ್ಕೆ ಕೆಂಪು ಗೆರೆ ಎಳೆದಿದ್ದ. 'ನಮ್ಮ ಭಾಗದ ದನಗಾಹಿಗಳು ಸಾವಿರ ವರ್ಷದ ಹಿಂದೆಯೇ ಬಾಗಿದ ಕೋಲಿನಿಂದ ಚೆಂಡಾಡುತ್ತಿದ್ದರು, ಇದಕ್ಕೆ ಕಲ್ಲಿನ ಸಾಕ್ಷಿಯೂ ಇದೆ.'

ಅದು ಸುಳ್ಳು. ಧಾರವಾಡದ ಆಚೆಯ ಒಂದು ಹಳ್ಳಿಯಲ್ಲಿ ನೋಡಿದ ವೀರಗಲ್ಲೊಂದು ಬರೆಯುವಾಗ ನೆನಪಾಗಿತ್ತು. ಲೇಖನಕ್ಕೆ ಕಳೆ ಬರಲಿ ಅಂತ ಆ ಸಾಲು ಸೇರಿಸಿದ್ದೆ. ಆ ಕಲ್ಲಿನಲ್ಲಿರುವುದು ಆಟವಲ್ಲ, ದನಗಳಿಗಾಗಿ ನಡೆದ ಹೊಡೆದಾಟ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಕಾರ್ಯದರ್ಶಿ ಫೋನು ಮಾಡಿ ಕಲ್ಲು ಎಲ್ಲಿದೆ ಅಂತ ಕೇಳಿದಾಗ, ಅದು ನಾನು ಕಟ್ಟಿ ಬರೆದದ್ದು ಅನ್ನಬೇಕಿತ್ತು. ಹಳ್ಳಿಯ ಹೆಸರು ಹೇಳಿದೆ.

ಭಾನುವಾರ ಕಾಕಾನ ವ್ಯಾನಿನಲ್ಲಿ ಹೋದೆವು. ಹಿಂದೆ ಇನ್ನೊಂದು ಗಾಡಿಯಲ್ಲಿ ಮಾಸ್ತರು ಮತ್ತು ಅವರ ಮಂದಿ. ಕಲ್ಲು ಒಬ್ಬ ಮುದುಕಿಯ ಹಿತ್ತಲಲ್ಲಿ, ದನದ ಗೋದಲಿಯ ಪಕ್ಕ ಒಂದು ಸಣ್ಣ ಕಟ್ಟೆಯ ಮೇಲಿತ್ತು. ಅತ್ತೆಯ ಕಾಲದಿಂದ ಪ್ರತಿ ಅಮಾವಾಸ್ಯೆಗೆ ಎಣ್ಣೆ ಹಚ್ಚಿ ಕುಂಕುಮ ಇಡುತ್ತ ಬಂದಿದ್ದಾಳೆ. ನಾವು ಯಾರು ಅಂತ ಕೇಳುವ ಮೊದಲು ನೀರು ಬೆಲ್ಲ ತಂದಿಟ್ಟಳು.

ಕಲ್ಲಿನ ಕೆಳಗಿನ ಸಾಲಿನಲ್ಲಿ ಕಾದಾಟ, ನಡುವೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಹೆಣ್ಣುಗಳು, ಮೇಲೆ ಲಿಂಗ. ವೀರನ ಕೈಯಲ್ಲಿ ಬಿಲ್ಲು. ಹೆದೆ ಸವೆದು ಬರೀ ಬಾಗಿದ ಕೋಲು ಉಳಿದಿದೆ. ಹಸುವಿನ ಕಾಲ ಬಳಿ ಒಂದು ಗುಂಡನೆಯ ಉಬ್ಬು. ಸ್ಟಿಕ್ಕು, ಚೆಂಡು ಅಂತ ಕಾರ್ಯದರ್ಶಿ ಬೆರಳು ಇಟ್ಟು ತೋರಿಸಿದ. ಎದುರಿಗೆ ನಾಲ್ವರು ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದರು. ಇದು ಕಬಡ್ಡಿಯ ಸರಪಳಿ, ಒಳಗೆ ನುಗ್ಗಿದವನು ಇವನು ಅಂತ ಮಾಸ್ತರು. ಅವರ ಕಡೆಯವನೊಬ್ಬ ಬೂಟುಗಾಲಿನಲ್ಲೇ ಕಟ್ಟೆ ಏರಿ ಫೋಟೋ ಹೊಡೆದ. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು.

ಅದು ಬಿಲ್ಲು ಅಂದೆ. ಆ ನಾಲ್ವರು ದನ ಹೊಡೆದುಕೊಂಡು ಹೋಗಲು ಬಂದವರು, ಈತ ತಡೆಯಲು ಹೋಗಿ ಸತ್ತವನು, ಇಲ್ಲಿ ಯಾವ ಆಟವೂ ಇಲ್ಲ ಅಂದೆ.

"ಮತ್ತ ಆ ಸಂಚಿಕಿಯೊಳಗ ಬರದವರು ಯಾರ್ರಿ ಸರ್?" ಅಂದರು ಮಾಸ್ತರು.

ಸುಳ್ಳು ಬರೆದೆ ಅನ್ನದೆ ನಾನು ವ್ಯಾನಿನ ಕಡೆ ನಡೆದೆ. ಕಾರ್ಯದರ್ಶಿ ಮಾತ್ರ ಖುಷಿಯಲ್ಲಿದ್ದ. ಸಂಚಿಕೆಯ ಮಾತನ್ನು ಸರ್ ವಿರೋಧಿಗಳ ಎದುರು ಹಿಂದಕ್ಕೆ ತಗೊಳ್ಳಲಿಲ್ಲ ಅಂತ ಅವನು ತಿಳಿದನಂತೆ.

ಎರಡು ದಿನ ಬಿಟ್ಟು ಗುಂಪಿಗೆ ಒಂದು ಫೋಟೋ ಬಂತು. ಗುಂಡನೆಯ ಉಬ್ಬಿಗೆ ಬಿಳಿ ಆಯಿಲ್ ಪೇಂಟ್, ಬಿಲ್ಲಿಗೆ ಕಪ್ಪು. ಗೋಡೆಯ ಚಿತ್ರಕ್ಕೆ ತಂದಿದ್ದ ಡಬ್ಬಿಗಳೇ. ಫೋಟೋದ ಕೆಳಗೆ 'ನಮ್ಮ ಹಾಕಿಗೆ ಸಾವಿರ ವರ್ಷ' ಅಂತ ಬರಹ. ಅದರ ಮರುದಿನ ಕಬಡ್ಡಿಯವರ ಫೋಟೋ. ಆ ನಾಲ್ವರ ಎದೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು, ಎರಡು, ಮೂರು, ನಾಲ್ಕು ಅಂತ ಜರ್ಸಿ ನಂಬರು. ಅದಕ್ಕೆ ಚಪ್ಪಾಳೆಯ ಗುರುತುಗಳು ಸಾಲಾಗಿ ಬಂದವು.

ಉಣ್ಣುತ್ತಿದ್ದ ತಾಟು ಸರಿಸಿ ಎದ್ದು ಕಾಕಾನ ಗ್ಯಾರೇಜಿಗೆ ಹೋದೆ. ಅವರೂ ಫೋಟೋ ನೋಡಿದ್ದರು. ಏನೂ ಕೇಳದೆ ಬಣ್ಣ ಕರಗಿಸುವ ಥಿನ್ನರ್ ಕ್ಯಾನು, ಹತ್ತಿ ಬಟ್ಟೆ, ಮೆತ್ತನೆಯ ಬ್ರಶ್ಶು ವ್ಯಾನಿಗೆ ಹಾಕಿದರು.

ಮುದುಕಿ ಹಿತ್ತಲಲ್ಲೇ ಕುಳಿತಿದ್ದಳು. ಬೈಯುತ್ತಾಳೆ ಅಂತ ನಾನು ಅಂದುಕೊಂಡಿದ್ದೆ, ಬೈದರೆ ಸಾಕು ಅಂತಲೂ ಇತ್ತು. ಬೈಯಲಿಲ್ಲ.

"ಬಣ್ಣ ಹಚ್ಚಾಕ ಬಂದವ್ರು ನಿಮ್ಮ ಹೆಸರು ಹೇಳಿದ್ರು. ಕಾಲೇಜಿನ ಸರ್ ಕಳಿಸ್ಯಾರ ಅಂದ್ರು. ಅದಕ್ಕ ಸುಮ್ನ ಬಿಟ್ನಿ," ಅಂದಳು.

"ನಾ ಕಳಿಸಿಲ್ಲವ್ವಾ," ಅಂದೆ. ಅಷ್ಟು ಹೇಳಿ ನಿಲ್ಲಲಾಗಲಿಲ್ಲ. "ಆದ್ರ ಅವ್ರು ಬರೂಹಂಗ ಮಾಡಿದಾಂವ ನಾನ. ಸುಳ್ಳ ಬರದಿದ್ದೆ."

ಅವಳು ಎದ್ದು ಒಳಗೆ ಹೋಗಿ ಒಂದು ಕೊಡ ನೀರು ತಂದು ಕಟ್ಟೆಯ ಬದಿಗೆ ಇಟ್ಟಳು.

ಕಾಕಾ ಮೊದಲು ಕಲ್ಲಿನ ಹಿಂಬದಿಯಲ್ಲಿ ಒಂದು ಹನಿ ಹಾಕಿ ನೋಡಿದರು. ಆಮೇಲೆ ಎಂಜಿನಿನ ಸಣ್ಣ ಭಾಗ ಒರೆಸುವ ಹಾಗೆ ಒಂದೊಂದೇ ಉಬ್ಬು ಒರೆಸತೊಡಗಿದರು. ನಾನು ಇನ್ನೊಂದು ಬದಿಯಿಂದ. ಬಿಳಿ, ಕಪ್ಪು ಬಹುಮಟ್ಟಿಗೆ ಹೋದವು. ಕೆಂಪು ಕಲ್ಲಿನ ರಂಧ್ರಗಳಿಗೆ ಇಳಿದಿತ್ತು. ಒರೆಸಿದಷ್ಟೂ ಹರಡಿ, ಆ ನಾಲ್ವರ ಎದೆ ತಿಳಿಗುಲಾಬಿಯಾಯಿತು. ಥಿನ್ನರಿನ ವಾಸನೆ, ಸೆಗಣಿಯ ವಾಸನೆ, ತಲೆ ಸುತ್ತುತ್ತಿತ್ತು. ಸಿಟ್ಟಿನಲ್ಲಿ ನಾನು ಜೋರಾಗಿ ತಿಕ್ಕಿದೆ.

ಕಾಕಾ ನನ್ನ ಮುಂಗೈ ಹಿಡಿದರು. "ಸಾಕ್ ಬಿಡ್ರಿ ಸರ್. ಇನ್ನ ತಿಕ್ಕಿದ್ರ ಮುಖಾನ ಹೋಗ್ತೈತಿ."

ಮುದುಕಿಗೆ ಕಲ್ಲಿನವನ ಕಥೆ ಗೊತ್ತಿರಲಿಲ್ಲ, ಕೇಳಿದಳು. ಹೇಳಿದೆ. ಬೇರೆ ಊರವರು ದನ ಹೊಡೆದುಕೊಂಡು ಹೊರಟಾಗ ಒಬ್ಬನೇ ಅಡ್ಡ ನಿಂತನೋ, ಜೊತೆಗೆ ಇನ್ನೂ ಕೆಲವರಿದ್ದರೋ, ಅಂತೂ ಸತ್ತ, ಊರವರು ಕಲ್ಲು ನಿಲ್ಲಿಸಿದರು ಅಂತ.

"ದನಾ ಉಳದೂವೇನ್ರಿ?"

ಉಳಿದವು ಅನ್ನುವುದು ಸುಲಭವಿತ್ತು. "ಗೊತ್ತಿಲ್ಲವ್ವಾ," ಅಂದೆ.

ಮನೆಗೆ ಬಂದು ಗುಂಪಿನಲ್ಲಿ ಬರೆದೆ: ಸಂಚಿಕೆಯ ಆ ವಾಕ್ಯ ನಾನು ಕಲ್ಪಿಸಿದ್ದು, ಕಲ್ಲಿನಲ್ಲಿ ಯಾವ ಆಟವೂ ಇಲ್ಲ, ಬಣ್ಣ ಬಳಿದವರು ಹೋಗಿ ಆ ಮನೆಯವಳ ಕ್ಷಮೆ ಕೇಳಿರಿ. ಕಾಕಾಗೆ ಬರೆದ ಮಾತಿಗೆ ಅವತ್ತೇ ನಾನು ಉತ್ತರ ಕೊಡಬೇಕಿತ್ತು, ಕೊಡಲಿಲ್ಲ, ಅದೂ ತಪ್ಪು ಅಂತ ಕೊನೆಗೆ ಸೇರಿಸಿದೆ. ಈ ಹೊತ್ತಿನಲ್ಲಿ ಇದು ಬೇಕಿರಲಿಲ್ಲ ಸರ್ ಅಂತ ಕಾರ್ಯದರ್ಶಿ. ಕಡೆಗೂ ಒಪ್ಪಿಕೊಂಡರು ಅಂತ ಆ ಕಡೆಯವರು ನಗುವ ಮುಖಗಳನ್ನು ಹಾಕಿದರು. ಕಾಕಾಗೆ ಆದ ಅವಮಾನದ ಮಾತನ್ನು ಒಬ್ಬರೂ ಎತ್ತಲಿಲ್ಲ. ನಾನು ಗುಂಪಿನಿಂದ ಹೊರಬಿದ್ದೆ.

ಗೋಡೆಯ ಮೇಲೆ ಕೊನೆಗೆ ಎರಡೂ ಚಿತ್ರ ಒಂದೇ ಅಳತೆಯಲ್ಲಿ ಬಂದವಂತೆ. ನಾನು ಮೈದಾನಕ್ಕೆ ಹೋಗುವುದನ್ನೇ ಬಿಟ್ಟಿದ್ದೆ, ನೋಡಿಲ್ಲ. ಹಳ್ಳಿಗೆ ಮಾತ್ರ ಎರಡು ಸಲ ಹೋಗಿ ಬಂದೆ. ಬಣ್ಣ ಬಳಿದವರಲ್ಲಿ ಒಬ್ಬನೂ ಅತ್ತ ಸುಳಿದಿಲ್ಲ ಅಂತ ಮುದುಕಿ ಹೇಳಿದಳು.

ಕಳೆದ ತಿಂಗಳು ಔಷಧಿ ಅಂಗಡಿಯಲ್ಲಿ ಮಾಸ್ತರು ಸಿಕ್ಕರು. ತೆಳ್ಳಗಾಗಿದ್ದರು, ಕೈಯಲ್ಲಿ ಸಕ್ಕರೆ ಕಾಯಿಲೆಯ ಚೀಟಿ. ನನ್ನನ್ನು ಕಂಡು ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು: "ಮೊದಲ ಬಣ್ಣ ಹಚ್ಚಿದವರು ನಿಮ್ಮವ್ರು. ಅದನ್ನ ಮರೀಬ್ಯಾಡ್ರಿ."

ಕಾಕಾನ ಬಗ್ಗೆ, ಆ ಮುದುಕಿಯ ಬಗ್ಗೆ ಏನಾದರೂ ಹೇಳುತ್ತಾರೆ ಅಂತ ಕಾದೆ. ಅವರು ಚೀಟಿಯನ್ನು ಅಂಗಡಿಯವನ ಕಡೆ ಚಾಚಿದರು. ನಾನು ಗುಳಿಗೆ ತಗೊಂಡು, ಉಳಿದ ಚಿಲ್ಲರೆಗೂ ನಿಲ್ಲದೆ ಹೊರಗೆ ಬಂದೆ.