ಒಂದು ದಿನದ ಮೂತ್ರ ಕೇಳಿದ ಡಾಕ್ಟರಮ್ಮ

ನಾವು ತಿನ್ನುವ ಉಪ್ಪು ದೇಹದಿಂದ ಹೊರಹೋಗುತ್ತಿದೆಯೇ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಗಾಂಧಿನಗರದಲ್ಲಿದ್ದ ಒಬ್ಬ ಡಾಕ್ಟರಮ್ಮನಿಗೆ ಸದಾ ಅದೇ ಯೋಚನೆ. ರೋಗಿಯ ತೋಳಿಗೆ ರಕ್ತದೊತ್ತಡ ಅಳೆಯುವ ಪಟ್ಟಿ ಸುತ್ತಿ, ಕನ್ನಡಕವನ್ನು ಹಣೆಗೇರಿಸಿ, "ಉಪ್ಪು ಎಲ್ಲಿ ಹೋತು, ಹೇಳ್ರಿ?" ಎನ್ನುತ್ತಿದ್ದರು.

ಸಿರುಗುಪ್ಪದಲ್ಲಿ ಗದ್ದೆ ಮಾಡುತ್ತಿದ್ದ ನನ್ನ ಸೋದರಮಾವನವರ ರಕ್ತದೊತ್ತಡ ಯಾವ ಮಾತ್ರೆಗೂ ಇಳಿಯದೆ, ಲಕ್ವ ಹೊಡೆಯುವ ಭಯವಿತ್ತು. ಒಂದು ಹಗಲು, ಒಂದು ರಾತ್ರಿಯ ಮೂತ್ರವನ್ನು ಡಬ್ಬಿಯಲ್ಲಿ ತರಲು ಡಾಕ್ಟರಮ್ಮ ಹೇಳಿದರು. ಡಬ್ಬಿ ಅಂಚಿನವರೆಗೆ ತುಂಬಿ ಬಂತು.

"ಇದೆಲ್ಲಾ ನಿಮ್ದ ಏನ್ರಿ, ಗೌಡ್ರ?"

ಮಾವನ ಜೊತೆ ಬಂದಿದ್ದ ಅತ್ತೆ ಉತ್ತರಿಸಿದರು: "ದೊಡ್ಡೋರ ಮುಂದ ಅರ್ಧ ಡಬ್ಬಿ ಹೆಂಗ ಇಡೋದ್ರಿ? ಮನಿಮಂದಿ ಎಲ್ಲಾ ಸೇರಿ ತುಂಬಿಸಿದ್ವಿ."

"ಹಂಗಾದ್ರ ಔಷಧಿನೂ ಮನಿಮಂದಿಗೆಲ್ಲಾ ಹಂಚಲೇನವ್ವಾ?" ಎಂದು ನಕ್ಕ ಡಾಕ್ಟರಮ್ಮ ಇನ್ನೊಂದು ಖಾಲಿ ಡಬ್ಬಿ ಕೊಟ್ಟರು.

ಈ ಸಲ ಮಾವನವರದಷ್ಟೇ ಬಂತು. ಅದರಲ್ಲಿ ಉಪ್ಪು ತೀರ ಕಡಿಮೆಯಿತ್ತು. ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಯಿಂದ ಅತಿಯಾಗಿ ಸ್ರವಿಸುತ್ತಿದ್ದ ಹಾರ್ಮೋನು ಉಪ್ಪನ್ನು ಒಳಗೇ ಹಿಡಿದಿಟ್ಟು ಒತ್ತಡ ಏರಿಸುತ್ತಿತ್ತು. ಆ ಹಾರ್ಮೋನನ್ನು ತಡೆಯುವ ಮಾತ್ರೆ ಕೊಟ್ಟ ಮೇಲೆ ಒತ್ತಡ ವಾರವಾರಕ್ಕೂ ಇಳಿಯಿತು. ಕೊನೆಗೆ ಪಟ್ಟಿ ಬಿಚ್ಚಿದ ಡಾಕ್ಟರಮ್ಮ ಮೇಜು ತಟ್ಟಿ, "ಗೆದ್ದಿವ್ರಿ, ಗೌಡ್ರ. ಇನ್ನ ಗದ್ದಿ ಕೆಲಸಕ್ಕ ಹೋಗ್ರಿ" ಎಂದರು.

ಓದುಗರೇ, ವೈದ್ಯರು ಕೇಳಿದಾಗ ನಾಚದೆ, ಚೆಲ್ಲದೆ, ಯಾರದನ್ನೂ ಕೂಡಿಸದೆ ನಿಮ್ಮದನ್ನು ಪೂರ್ತಿಯಾಗಿ ಕೊಡಿ.