ಖಾತೆ ಇದೆಯೋ ಇಲ್ಲವೋ

ನನಗೆ ಬಾಯಿ ಜಾಸ್ತಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಂಥವಳಿಗೆ ಎಪ್ಪತ್ತರ ದಶಕದಲ್ಲಿ, ರಾಜಾಜಿನಗರದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿತು. ಸೇರಿದ ದಿನವೇ ಮ್ಯಾನೇಜರು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಗಿರಾಕಿಗಳ ವಿಷಯವನ್ನು ಹೊರಗೆ ಯಾರಿಗೂ ಹೇಳುವುದಿಲ್ಲ ಎಂಬ ಪ್ರಮಾಣ ಅದು. ಕೆಲಸ ಸಿಕ್ಕ ಸಂಭ್ರಮದಲ್ಲಿ ನಾನು ಅದನ್ನು ಪೂರ್ತಿ ಓದಲೂ ಇಲ್ಲ.

ನಮ್ಮ ಬೀದಿಯವರ ಲೆಕ್ಕದಲ್ಲಿ ಬ್ಯಾಂಕಿನ ಹುಡುಗಿ ಅಂದರೆ ಬೀದಿಗೇ ಸೇರಿದವಳು. ಹೆಣ್ಣು ಕೊಡುವವರು ಬೀಗರಾಗುವವರ ಖಾತೆಯಲ್ಲಿ ಎಷ್ಟಿದೆ ಎಂದು ಕೇಳುವರು, ಊಟ ಆಯ್ತಾ ಎಂದು ಕೇಳಿದಷ್ಟೇ ಸಲೀಸಾಗಿ. ನಾನು ನಕ್ಕು ತೇಲಿಸಿಬಿಡುತ್ತಿದ್ದೆ. ಮೊತ್ತ ಹೇಳದಿದ್ದರಾಯಿತು, ಅಷ್ಟಕ್ಕೆ ನನ್ನ ಪ್ರಮಾಣ ಮುಗಿಯಿತು ಎಂದುಕೊಂಡಿದ್ದೆ.

ನನ್ನ ಕೌಂಟರಿಗೆ ತಿಂಗಳಿಗೊಮ್ಮೆ ಒಬ್ಬ ಹೆಂಗಸು ಬರುತ್ತಿದ್ದರು. (ಇದನ್ನು ಅವರ ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ಗಂಡ ತೀರಿಹೋಗಿದ್ದರು. ಭಾವನ ಮನೆಯಲ್ಲಿದ್ದುಕೊಂಡು, ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯಲ್ಲಿ ರೇಡಿಯೋಗೆ ತಂತಿಯ ಕಾಯಿಲ್ ಸುತ್ತುವ ಕೆಲಸ ಮಾಡುತ್ತಿದ್ದರು. ಸಂಬಳ ಪೂರ್ತಿ ಭಾವನ ಕೈಗೆ. ಓವರ್‌ಟೈಮಿನ ದುಡ್ಡು ಮಾತ್ರ ಗುಟ್ಟಾಗಿ ನಮ್ಮ ಬ್ಯಾಂಕಿಗೆ. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ದೊಡ್ಡಪ್ಪ ಆಕೆಗೆ ಗಂಡು ನೋಡತೊಡಗಿದ್ದರು. ತಾಯಿಗೆ ಅವಳನ್ನು ಕಾಲೇಜಿಗೆ ಸೇರಿಸಬೇಕೆಂಬ ಹಟ. ಆ ಖಾತೆ ಭಾವನ ಕಣ್ಣಿಗೆ ಬಿದ್ದರೆ ಅದು ಮದುವೆಯ ಖರ್ಚಿಗೆ ಹೋಗುವುದು ಖಂಡಿತ.

ಇಷ್ಟೆಲ್ಲ ಗೊತ್ತಿದ್ದೂ ನಾನು ಎಡವಿದೆ. ಒಂದು ಭಾನುವಾರ ಬೆಳಿಗ್ಗೆ ತರಕಾರಿ ಅಂಗಡಿಯಲ್ಲಿ ಅವರನ್ನು ಕಂಡವಳೇ, ‘ಏನಮ್ಮಾ, ಈ ತಿಂಗಳು ನಮ್ಮ ಬ್ಯಾಂಕ್ ಕಡೆ ಬರಲೇ ಇಲ್ಲ?’ ಅಂದೆ. ಎಂಥ ಅಕ್ಕರೆ ನನ್ನದು! ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದವರು ಅವರ ಭಾವ, ನಾನು ನೋಡಿದ್ದು ಆಮೇಲೆ. ಆಕೆ ಕೈಯಲ್ಲಿದ್ದ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಸಂಜೆಗೆ ಆ ಭಾವ ನಮ್ಮ ಮನೆಗೇ ಬಂದರು. ನಮ್ಮಪ್ಪನ ಸ್ನೇಹಿತರು, ನಮಗೆ ಆ ಬಾಡಿಗೆ ಮನೆ ಹುಡುಕಿಕೊಟ್ಟವರು. ಕಾಫಿ ಲೋಟ ಕೈಗೆ ಬಂದ ಮೇಲೆ, ‘ನಮ್ಮನೆ ಹೆಣ್ಮಗಳದ್ದು ನಿಮ್ಮಲ್ಲಿ ಖಾತೆ ಇದೆಯೇನಮ್ಮಾ?’ ಎಂದರು.

‘ಯಾರ ವಿಷಯಾನೂ ನಾನು ಹೇಳೋ ಹಾಗಿಲ್ಲ, ಸಾರ್.’

‘ಎಷ್ಟಿದೆ ಅಂತ ಕೇಳಲಿಲ್ಲವಲ್ಲ. ಇದೆಯಾ, ಇಲ್ವಾ, ಅಷ್ಟೇ.’

‘ಹೇಳಮ್ಮ, ಅವರೇನು ಹೊರಗಿನವರಾ?’ ಎಂದರು ಅಪ್ಪ.

‘ಅದನ್ನೂ ಹೇಳೋ ಹಾಗಿಲ್ಲ’ ಅಂದೆ.

‘ಹಾಗಾದ್ರೆ ಇದೆ ಅಂತಾಯ್ತು.’

‘ಇಲ್ಲದೇ ಇದ್ರೂ ಇದನ್ನೇ ಹೇಳ್ತಿದ್ದೆ. ನಾಳೆ ಯಾರಾದ್ರೂ ನಿಮ್ಮ ಖಾತೆ ಇದೆಯಾ ಅಂತ ಕೇಳಿದ್ರೂ ಇದನ್ನೇ ಹೇಳ್ತೀನಿ. ನಮ್ಮಪ್ಪ ಕೇಳಿದ್ರೂ ಅಷ್ಟೇ.’

ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ಅಪ್ಪ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ನನ್ನನ್ನು ಅದಕ್ಕಿಂತ ಹೆಚ್ಚು ಕಾಡಿದ್ದು ತರಕಾರಿ ಅಂಗಡಿಯಲ್ಲಿ ನಾನಾಡಿದ ಮಾತು. ಬೀಗ ಹಾಕಿದ್ದೇನೋ ಹಾಕಿದೆ, ಆದರೆ ಬಾಗಿಲು ತೆರೆದವಳೂ ನಾನೇ.

ಸೋಮವಾರ ಆ ಭಾವ ಬ್ಯಾಂಕಿಗೇ ಬಂದರು. ನಮ್ಮ ಮ್ಯಾನೇಜರು ಜಗಳವೆಂದರೆ ಮಾರು ದೂರ ಓಡುವ ಮನುಷ್ಯ, ಇವರು ಹೇಳಿಬಿಡುತ್ತಾರೆ ಎಂದೇ ನಾನು ಹೆದರಿದ್ದೆ. ‘ಕೋರ್ಟಿನ ಆದೇಶ ತನ್ನಿ, ಆಮೇಲೆ ನೋಡೋಣ’ ಎಂದು ಅವರು ತಲೆಯೆತ್ತದೆ ಹೇಳಿ ಕಳಿಸಿದರು. ಆಮೇಲೆ ನನ್ನನ್ನು ಒಳಗೆ ಕರೆದರು. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ‘ಎಷ್ಟಿದೆ ಅನ್ನೋದು ಮಾತ್ರ ಗುಟ್ಟಲ್ಲಮ್ಮ. ಖಾತೆ ಇದೆ ಅನ್ನೋದೇ ಗುಟ್ಟು. ಹೊರಗೆ ಸಿಕ್ಕಾಗ ಅವರಾಗಿ ಮಾತಾಡಿಸೋವರೆಗೂ ನಿನಗೆ ಅವರ ಪರಿಚಯವೇ ಇಲ್ಲ’ ಎಂದರು. ಮುಂದೆ ಮೂವತ್ತು ವರ್ಷ ಕೆಲಸ ಮಾಡಿದೆ. ಇದಕ್ಕಿಂತ ಒಳ್ಳೆಯ ಪಾಠ ಯಾವ ತರಬೇತಿಯಲ್ಲೂ ಸಿಗಲಿಲ್ಲ.

ಆ ಭಾವ ಮಾತ್ರ ಸುಮ್ಮನಿರಲಿಲ್ಲ. ಹಾಲಿನ ಬೂತಿನಲ್ಲಿ, ಬಸ್ ಸ್ಟಾಪಿನಲ್ಲಿ, ಸಿಕ್ಕವರ ಮುಂದೆಲ್ಲ ನನ್ನ ಸೊಕ್ಕಿನ ಬಗ್ಗೆ ದೂರಿದರು. ಅಪ್ಪನಿಗೆ ಮುಖ ಎತ್ತಿ ಓಡಾಡುವುದೇ ಕಷ್ಟವಾಯಿತು. ಆಕೆಯ ಸುಳಿವಿಲ್ಲ. ಮನೆಯಲ್ಲಿ ಏನು ರಾದ್ಧಾಂತವಾಗಿದೆಯೋ, ಪಾಸ್‌ಬುಕ್ಕನ್ನು ಕಸಿದುಕೊಂಡರೋ, ಹುಡುಗಿಯ ಕಾಲೇಜು ತಪ್ಪಿತೋ ಎಂದು ಊಟ ಸೇರುತ್ತಿರಲಿಲ್ಲ.

ಮೂರನೆಯ ವಾರ ಆಕೆ ಬಂದರು. ಒಬ್ಬರೇ ಅಲ್ಲ, ಹಿಂದೆ ಅವರ ಓರಗಿತ್ತಿ, ಅಂದರೆ ಅದೇ ಭಾವನ ಹೆಂಡತಿ. ಖಾತೆ ಮುಚ್ಚಿಸುವುದಕ್ಕೆ ಕಾವಲು ಕಳಿಸಿದ್ದಾರೆ ಎಂದುಕೊಂಡೆ. ಮ್ಯಾನೇಜರು ಹೇಳಿದಂತೆ, ಪರಿಚಯವೇ ಇಲ್ಲದವಳ ಹಾಗೆ ಕುಳಿತೆ.

ಆಕೆಯೇ ನಕ್ಕರು. ‘ಇವರ ಮುಂದೆ ಪರವಾಗಿಲ್ಲ, ಮಾತಾಡಿ. ಪಾಸ್‌ಬುಕ್ ಬಚ್ಚಿಟ್ಟುಕೊಟ್ಟಿದ್ದೇ ಇವರು. ಮಗಳಿಗೆ ಪಿ.ಯು.ಸಿ. ಸೀಟು ಸಿಕ್ಕಿದೆ, ಇವತ್ತು ಫೀಸ್ ಕಟ್ಟಬೇಕು’ ಎಂದು ಹಣ ತೆಗೆಯುವ ಚೀಟಿಯನ್ನು ಮುಂದೆ ಚಾಚಿದರು.

ತರಕಾರಿ ಅಂಗಡಿಯ ಮಾತಿಗೆ ಕ್ಷಮೆ ಕೇಳಿದೆ. ‘ಇನ್ನೊಂದ್ಸಲ ಹಾಗೆ ಮಾಡಬೇಡಿ’ ಎಂದರು, ಅಷ್ಟೇ. ನಾನು ಟೋಕನ್ ಕೊಟ್ಟು ಮುಂದಿನವರನ್ನು ಕರೆಯಬೇಕೆನ್ನುವಷ್ಟರಲ್ಲಿ ಓರಗಿತ್ತಿ ಕೌಂಟರಿಗೆ ಒತ್ತಿ ನಿಂತರು.

‘ಒಂದು ಹೊಸ ಫಾರಂ ಕೊಡಮ್ಮ. ನನಗೆ.’

ಫಾರಂ ಕೈಗೆತ್ತಿಕೊಂಡು ನಾನು ಅವರ ಮುಖ ನೋಡಿದೆ.

‘ನಮ್ಮ ಯಜಮಾನ್ರು ಬೀದಿಯಲ್ಲೆಲ್ಲ ಹೇಳ್ಕೊಂಡು ಬಂದ್ರಲ್ಲ, ಆ ಹುಡುಗಿ ಯಾರು ಕೇಳಿದ್ರೂ ಬಾಯಿ ಬಿಡಲ್ಲ ಅಂತ,’ ಎಂದರು ಆಕೆ. ‘ಅದಕ್ಕೇ ಬಂದೆ.’